ಕೆಂಪು ಗೆರೆ

ಅಪ್ಪ ನೀರಿನ ಗೆರೆ ಬರೆಯುವವನಾಗಿದ್ದ.
ಸರ್ವೇ ಆಫೀಸಿನ ದಿನಗೂಲಿ. ಒಂದು ಡಬ್ಬಿ ಕೆಂಪು ಬಣ್ಣ,
ಕೂದಲುದುರಿದ ಬ್ರಷ್ಷು.
ಹಳೇ ಬಾಗಲಕೋಟೆಯ ಓಣಿಗಳಲ್ಲಿ
ಸಾಹೇಬರು ದುರ್ಬೀನಿನಿಂದ ಕಣ್ಣು ತೆಗೆದು ಕೈ ಎತ್ತಿದಲ್ಲಿ
ಗೋಡೆಗೊಂದು ಅಡ್ಡಗೆರೆ, ಮೇಲೊಂದು ಅಂಕಿ:
ಇಲ್ಲಿತನಕ ಹಿನ್ನೀರು.

ನೀರು ಆಗ ಎಲ್ಲಿತ್ತು?
ಘಟಪ್ರಭೆ ಎಲ್ಲೋ ತಗ್ಗಿನಲ್ಲಿ ಎಮ್ಮೆಗಳ ಮೈ ತೊಳೆಯುತ್ತಿತ್ತು.
ಗೆರೆ ಬಿದ್ದ ಮೇಲೂ ವರ್ಷಗಟ್ಟಲೆ ಜನ
ಅದೇ ಗೋಡೆಗೆ ಸೈಕಲ್ಲು ಆನಿಸಿದರು,
ಗೆರೆಯ ಕೆಳಗೇ ತೊಟ್ಟಿಲು ಕಟ್ಟಿದರು.
ಹಾಜಿರಾಬಿ ಬಾಗವಾನ ಪ್ರತಿ ರಮಜಾನಿಗೆ
ಅಂಕಿಯ ಮೇಲೆ ಸುಣ್ಣ ಬಳಿಯುತ್ತಿದ್ದಳು.
ಅಪ್ಪ ಮತ್ತೆ ಹೋಗಿ ಬರೆಯುತ್ತಿದ್ದ.
"ಗೆರಿ ಹೊಡದ್ರ ಬರತೈತೇನೋ ಯಮನೂರಿ, ನೀರು?"
"ಹೊಡದ್ರೂ ಬರತೈತಿ ಚಾಚಿ, ಬಿಟ್ರೂ ಬರತೈತಿ."
"ಹಂಗಾರ ಒಂದ್ ಪೇರಲಹಣ್ಣ ತಿಂದು ಹೋಗು."

ನನ್ನದೂ ಅದೇ ಕೆಲಸ.
ಲಾಹೌಲಿನ ಮೇಲೆ, ಉಸಿರು ಸಾಲದ ಎತ್ತರದಲ್ಲಿ,
ಕಡಕ್ ರೊಟ್ಟಿ ಶೇಂಗಾಹಿಂಡಿ ಕಟ್ಟಿಕೊಂಡು ಹೋಗಿ
ಹಿಮನದಿಯ ಮೂತಿ ಮುಗಿಯುವಲ್ಲಿ ಬಂಡೆ ಹುಡುಕಿ
ಒಂದು ಗೆರೆ, ಒಂದು ಬಾಣ, ಇಸವಿ.
ಅಪ್ಪನದು ಇಲ್ಲಿತನಕ ಬರುತ್ತದೆ.
ನನ್ನದು ಇಲ್ಲಿತನಕ ಇತ್ತು.
ಬಣ್ಣ ಮಾತ್ರ ಅದೇ.

ಹೋದ ಸಲದ ಬಂಡೆಯಿಂದ ಈ ಸಲ
ಅಂಗ್ದುಯಿ ಟೇಪು ಹಿಡಿದು ನಡೆದ.
ಮೂವತ್ತೊಂದು ಮೀಟರು ಬರೀ ಕಲ್ಲು, ಬೂದಿಬಣ್ಣದ ಕೆಸರು.
ಹಿಮಕ್ಕೆ ಇಳಿಬಿಟ್ಟ ಬಿದಿರುಗೋಲು
ಕುತ್ತಿಗೆಮಟ ಹೂತದ್ದು
ಈಗ ನನಗಿಂತ ಎತ್ತರ, ಗಾಳಿಗೆ ತೂಗುತ್ತಿದೆ.
ಹಿಂದೆ ಸರಿಯಿತು ಎಂದು ವಹಿಯಲ್ಲಿ ಬರೆದುಕೊಳ್ಳುತ್ತೇನೆ.
ತಪ್ಪು ಮಾತು.
ಹಿಮನದಿ ಒಂದು ದಿನವೂ ಹಿಂದೆ ನಡೆದದ್ದಿಲ್ಲ.
ಕೆಳಗೇ ಬರುತ್ತದೆ, ದಿನಕ್ಕೆ ನಾಲ್ಕು ಬೆರಳು,
ಬರುಬರುತ್ತ
ದಾರಿಯಲ್ಲೇ ತೀರಿಹೋಗುತ್ತದೆ.

ಮತ್ತೆ ಅದು ಬಲು ಮಂದ.
ಬೇಸಿಗೆ ಬಿಸಿಯಾದರೆ ಮೈ ಅವತ್ತೇ ಬೆವರುತ್ತದೆ,
ಮೂತಿಗೆ ಸುದ್ದಿ ಮುಟ್ಟಲು ದಶಕಗಳು ಬೇಕು.
ಗುಡ್ಡದ ಹೆಗಲಿಗಂಟಿದ ಸಣ್ಣದು ಹತ್ತು ವರ್ಷಕ್ಕೆ ಹೂಂ ಅಂದೀತು,
ಕಣಿವೆ ತುಂಬ ಮಲಗಿದ ದೊಡ್ಡದಕ್ಕೆ ಐವತ್ತು, ನೂರು.
ನಾನು ಇವತ್ತು ಅಳೆಯುವ ಕೊರತೆ
ಅಜ್ಜಿಯ ಕಾಲದ ಬೇಸಿಗೆಗಳಿಗೆ ಈಗ ಬಂದ ಜವಾಬು.
ನಮ್ಮವಕ್ಕೆ ಜವಾಬು ಇನ್ನೂ ಮೇಲಿದೆ, ಹಿಮದ ಹೊಟ್ಟೆಯಲ್ಲಿ.
ನಾಳೆಯೇ ಬಿಸಿಲು ಇದ್ದಲ್ಲೇ ನಿಂತರೂ
ಅದು ಕರಗುವುದು ನಿಲ್ಲದು.
ಗೋಡೆಗೆ ಅಂಕಿ ಆಗಲೇ ಬಿದ್ದಿದೆ.
ನಾವು ಸೈಕಲ್ಲು ಆನಿಸಿ ನಿಂತಿದ್ದೇವೆ.

ಮೇ ತಿಂಗಳು, ರಜೆ. ಹಿನ್ನೀರು ಇಳಿದಿದೆ.
ನಮ್ಮ ಹೊಳೆಗೆ ಹಿಮದ ಹಂಗಿಲ್ಲ,
ಮಳೆ ಕೊಟ್ಟಷ್ಟು, ಗೇಟು ತಡೆದಷ್ಟು.
ನವನಗರದಿಂದ ಅಪ್ಪನ ಟೀವಿಎಸ್ ಗಾಡಿಯ ಹಿಂದೆ ಕೂತು ಬಂದೆ.
ಒಣಗಿದ ರಾಡಿ ಕಾಲಡಿ ಹಪ್ಪಳದಂತೆ ಮುರಿಯಿತು.
ಬೀಸುಕಲ್ಲಿನ ಅರ್ಧ. ಹೊಸ್ತಿಲು. ಬಳೆಚೂರು.
ಒಂದು ಗೋಡೆ ಎದೆಮಟ ಉಳಿದಿತ್ತು.
"ಇದ, ಚಾಚೀದು" ಅಂದ,
ಗಾಡಿಯ ಕೀಲಿಯಿಂದ ಕೆರೆಯತೊಡಗಿದ.
ರಾಡಿ, ಅದರಡಿ ಸುಣ್ಣ, ಅದರಡಿ ಕೆಂಪು,
ಮತ್ತೆ ಸುಣ್ಣ, ಮತ್ತೆ ಕೆಂಪು.
ಹಿಮದ ಪದರ ಎಣಿಸುವ ಚಟಕ್ಕೆ ಎಣಿಸಿದೆ:
ಏಳು ರಮಜಾನಿನ ಕೆಳಗೆ ಕಲ್ಲು ಬಂತು.

"ನಿನ್ನ ಕಲ್ಲಿಗೆ ಯಾರರ ಸುಣ್ಣಾ ಹಚ್ಚತಾರೇನ?"
ಅಲ್ಲಿ ಯಾರೂ ಇರೋದಿಲ್ಲಪ್ಪ.
"ಹಂಗಾರ ಯಾರ ಸಲುವಾಗಿ ಬರೀತಿ?"

ಯಾಕೋ ಚೀಲದಿಂದ ಟೇಪು ತೆಗೆದೆ,
ಗೆರೆಯಿಂದ ಇವತ್ತಿನ ನೀರಿಗೆ ಎಷ್ಟು ಅಂತ.
ಅಪ್ಪ ತುದಿ ಹಿಡಿದು ಹೊಳೆಯತ್ತ ಇಳಿದ,
ಚಪ್ಪಲಿ ಕೈಯಲ್ಲಿ.
"ಸಾಕಾತೇನ?" ಕೂಗಿದ.
ಇನ್ನೂ, ಅಂದೆ.
ಇನ್ನೂ.