ಎರಡನೆಯ ನಳಿಕೆ

ಗುಡ್ಡ ಇಳಿದು ಬಂದಿದ್ದಾಳೆ ಯೂದೋಸಿಯಾ,
ಹಸುವಿನ ನೆತ್ತರ ನಳಿಕೆಯನ್ನು
ಕಾವಿಗಿಟ್ಟ ಮೊಟ್ಟೆಯ ಹಾಗೆ
ಉಣ್ಣೆಯ ಶಾಲಿನೊಳಗೆ ಬೆಚ್ಚಗಿಟ್ಟುಕೊಂಡು.
ಜೊತೆಗೆ ನನಗೆಂದು
ಕಾಲುವೆಯಂಚಿನ ಬೆರ್ರೋ ಸೊಪ್ಪು, ಒಂದು ಕಟ್ಟು,
ಇನ್ನೂ ನೀರು ತೊಟ್ಟಿಕ್ಕುತ್ತಿದೆ ಮೇಜಿನ ಮೇಲೆ.

"ಎಂಟು ಲೀಟರು ಕರೆಯುತ್ತಿದ್ದಳು, ಈಗ ಮೂರು.
ದವಡೆ ಕೆಳಗೆ ನೀರು ತುಂಬಿ ಜೋಲುತ್ತಿದೆ."

ಯಂತ್ರ ಗಿರ್ರನೆ ಸುತ್ತಿ ನಿಂತಿತು.
ಕೆಂಪು ತಳಕ್ಕೆ, ಹಳದಿ ಮೇಲಕ್ಕೆ;
ಕೆಂಪೆಂಬುದು ಕಾಲು ಭಾಗಕ್ಕೂ ಸಾಲದು.
ಆಲ್ಬುಮಿನ್ ತಳ ಕಂಡಿದೆ.
ಜಿಜಿಟಿಯೊಂದೇ ಏರಿ ಕೂತಿದೆ,
ಪಿತ್ತನಾಳದ ಗೋಡೆ ಯಾರೋ ಕೆರೆಯುತ್ತಿದ್ದಾರೆಂದು
ಏದುಸಿರಲ್ಲಿ ಚಾಡಿ ಹೇಳುವ ಪಕ್ಕದ ಮನೆ ಹುಡುಗ.
ಬಣ್ಣ ಹಾಕಿದ ಗಾಜಿನ ಮೇಲೆ
ಇಯೋಸಿನೋಫಿಲ್‌ಗಳು ಎಣಿಸಿ ಮುಗಿಯವು,
ಒಡೆದ ದಾಳಿಂಬೆ.

"ಅಲಿಕುಯಾ," ಅಂದೆ.
ಕಹಮಾರ್ಕಾದಲ್ಲಿ ಆ ಎಲೆಹುಳುವಿನ ಹೆಸರು
ಹಾಲು ಕರೆಯುವ ಕೂಸಿಗೂ ಗೊತ್ತು.

"ಈಲಿ ಕಂಡಿಲ್ಲ ನೀನು. ನೆತ್ತರು ಹೇಗೆ ಹೇಳುತ್ತೆ?"
"ಮನೆಯೊಳಗೆ ಕೊಡ ಒಡೆದರೆ
ಬಾಗಿಲ ಸಂದಿಯಲ್ಲಿ ನೀರು ಬರಲ್ವೇ?"

ನಗಲಿಲ್ಲ ಅವಳು.
ಔಷಧಿ ಬರೆದುಕೊಟ್ಟೆ. ಹಾಲು ಎಷ್ಟು ದಿನ ಮಾರಬಾರದೆಂದು
ಎರಡು ಸಲ ಹೇಳಿದೆ.
ಆಮೇಲೆ ನನ್ನ ಕಣ್ಣು ಸೊಪ್ಪಿನ ಕಟ್ಟಿಗೆ ಹೋಯಿತು.
ದಂಟಿಗಂಟಿದ ಬಸವನಹುಳು, ಜೋಳದ ಕಾಳಿಗಿಂತ ಸಣ್ಣದು,
ನಿಧಾನ ಹತ್ತುತ್ತಿತ್ತು.

"ನೀವೂ ಹಸಿಯಾಗಿ ತಿಂತೀರಾ ಇದನ್ನ?"
"ಉಪ್ಪು, ನಿಂಬೆ. ದಿನಾ."

ಹೊಸ ಸೂಜಿ ಬಿಚ್ಚಿದೆ.
ಮಾತಿಲ್ಲದೆ ತೋಳು ಚಾಚಿದಳು,
ಮತ್ತೆ ಹಿಂದೆಳೆದಳು:
"ಬಲಗೈ ಬೇಡ. ಸಂಜೆ ಅವಳನ್ನ ಕರೀಬೇಕು."