ಒಳಮುಖದ ಹೌದು

ಇಲ್ಲಿಯ ಮಂದಿ ಹೌದು ಅನ್ನುವುದಿಲ್ಲ,
ಉಸಿರನ್ನು ಸರಕ್ಕನೆ ಒಳಗೆಳೆದುಕೊಳ್ಳುತ್ತಾರೆ,
ಬಿಸಿ ಚಹಾ ನಾಲಿಗೆಗೆ ತಗುಲಿದ ಹಾಗೆ.
ನಮ್ಮ ಅಸ್ಮರಾದಲ್ಲೂ ಹಾಗೇ.
ಇಷ್ಟು ದೂರ ಬಂದು, ನಾರ್ವೆಯ ಈ ಉತ್ತರದ ತುದಿಯಲ್ಲಿ,
ಒಡ್ವಾರ್ ಮೇಷ್ಟ್ರ ಬಾಯಿಂದ ಅದನ್ನು ಕೇಳಿದ ದಿನ
ಕ್ಲಚ್ಚಿನಿಂದ ಕಾಲು ತೆಗೆದುಬಿಟ್ಟೆ.
ಕಾರು ಕುಪ್ಪಳಿಸಿ ನಿಂತಿತು.

ನನಗೆ ನಲವತ್ನಾಲ್ಕು.
ಒಂದು ಪಾಠಕ್ಕೆ ಒಂದು ರಾತ್ರಿ ಪಾಳಿ.
ಹನ್ನೊಂದು ಮುದುಕಿಯರ ಮಗ್ಗುಲು ಬದಲಿಸಿ
ಬೆಳಗಿನ ಆರಕ್ಕೆ ಹೊರಬಂದರೆ ಇನ್ನೂ ರಾತ್ರಿಯೇ.
ಬಸ್ಸು ಏಳೂ ನಲವತ್ತಕ್ಕೆ,
ಭಾನುವಾರ ಅದೂ ಇಲ್ಲ.
ಈ ವಯಸ್ಸಿಗೆ ಲೈಸೆನ್ಸು ಯಾಕೆ ಅಂತ ಯಾರೂ ಕೇಳಲಿಲ್ಲ.
ಗಾಳಿಗೆ ಬೆನ್ನು ಕೊಟ್ಟು ಹಿಮದಲ್ಲಿ
ಆರು ಕಿಲೋಮೀಟರು ನಡೆದವರು ಕೇಳುವುದಿಲ್ಲ.

ಮೇಷ್ಟ್ರ ಕಾಲಡಿಯಲ್ಲೂ ಒಂದು ಬ್ರೇಕಿತ್ತು.
ಇದೆಯೆಂದು ನೆಮ್ಮದಿ, ಒತ್ತಿದರೆ ಅವಮಾನ.
ಮೇಲ್ದುಟಿಯಡಿ ತಂಬಾಕಿನ ಪುಟ್ಟ ಪೊಟ್ಟಣ, ಮಾತು ಕಡಿಮೆ.
"ಕನ್ನಡಿ," ಅನ್ನುತ್ತಿದ್ದರು.
ಸ್ವಲ್ಪ ಹೊತ್ತಾದ ಮೇಲೆ ಮತ್ತೆ, "ಕನ್ನಡಿ."
ಹಿಂದೆ ಏನಿದೆ ನೋಡದೆ ಮುಂದೆ ಹೋಗಬಾರದಂತೆ.
ನಾನು ಹಿಂದೆ ನೋಡದೆಯೇ ನಾಲ್ಕು ದೇಶ ದಾಟಿದವಳು.

ಒಂದು ದಿನ ಮಂಜುಗಟ್ಟಿದ ಬಯಲಿಗೆ ಕರೆದೊಯ್ದು
ಬೇಕೆಂದೇ ಜಾರಿಸಿದರು.
"ಬ್ರೇಕು ತುಳಿ. ಜೋರಾಗಿ. ಈಗ ಬಿಡು."
ಕಾರು ಬುಗುರಿಯಂತೆ ಎರಡು ಸುತ್ತು ಸುತ್ತಿ
ಹಿಮದ ದಿಬ್ಬಕ್ಕೆ ಬೆನ್ನು ಒರಗಿಸಿತು.
ನಗು ಬಂತು, ತಡೆಯಲಾಗಲಿಲ್ಲ.
ಜಾರಿದ್ದಕ್ಕೆ ಯಾರೂ ಬೈಯದೆ ಇದ್ದದ್ದು
ನನ್ನ ಬದುಕಿನಲ್ಲಿ ಅದೇ ಮೊದಲು.

ಬರಹದ ಪರೀಕ್ಷೆ ಕಂಪ್ಯೂಟರಿನಲ್ಲಿ. ಪ್ರಶ್ನೆ ಮೂವತ್ತೊಂದು:
ಹದಿನೈದು ತುಂಬದ ಪ್ರಯಾಣಿಕನ ಬೆಲ್ಟಿಗೆ ಯಾರು ಹೊಣೆ?
ಅವನೇ. ಅವನ ತಂದೆತಾಯಿ. ಚಾಲಕ.

ಆ ಪಿಕಪ್ಪಿನಲ್ಲಿ ನಾವು ಮೂವತ್ತೆರಡು ಮಂದಿ.
ಅಂಚಿಗೆ ಬಿಗಿದ ಕೋಲುಗಳನ್ನು ತೊಡೆಯ ನಡುವೆ ಅವುಚಿಕೊಂಡು
ಕಾಲು ಹೊರಗೆ ಇಳಿಬಿಟ್ಟು
ಮರಳಿನ ಮೇಲೆ ಮೂರು ಹಗಲು.
ಪಕ್ಕದ ಹುಡುಗ ಸೆನಾಫೆಯವನು, ಹೆಸರು ಕೇಳಿರಲಿಲ್ಲ,
ನಿದ್ದೆಗಣ್ಣಲ್ಲಿ ಕೋಲು ಬಿಟ್ಟ.
ಕ್ಯಾಬಿನ್ನಿನ ತಗಡು ಬಡಿದೆವು.
ಬಡಿದೆವು.
ಚಾಲಕನ ಮುಖ ಕೊನೆಗೂ ನೋಡಲಿಲ್ಲ,
ತಲೆಗೆ ಸುತ್ತಿದ ಬಟ್ಟೆಯ ಹಿಂಬದಿ ಮಾತ್ರ.

ಮೂರನೆಯದನ್ನು ಒತ್ತಿದೆ.
ಸರಿ ಅಂತ ಯಂತ್ರ ಹೇಳಲಿಲ್ಲ.
ಮುಂದಿನ ಪ್ರಶ್ನೆ ತೋರಿಸಿತು:
ರಸ್ತೆಗೆ ಅಡ್ಡವಾಗಿ ಹಿಮಸಾರಂಗ ನಿಂತಿದ್ದರೆ

ರಸ್ತೆಯ ಪರೀಕ್ಷೆ ಮೊದಲ ಸಲ ಫೇಲು.
ಯಾರಿಗೂ ಗುದ್ದಲಿಲ್ಲ, ಯಾವ ದೀಪವನ್ನೂ ಮೀರಲಿಲ್ಲ.
ವೃತ್ತದ ಬಾಯಲ್ಲಿ
ಬಂದಬಂದವರಿಗೆಲ್ಲ ದಾರಿ ಬಿಟ್ಟುಕೊಟ್ಟು ಕೂತಿದ್ದೆ.
"ನಿನ್ನ ಸರದಿ ಅಂತಲೂ ಒಂದಿರುತ್ತೆ,"
ಪೆನ್ನಿಗೆ ಕ್ಯಾಪು ಹಾಕುತ್ತ ಅಂದಳು ಪರೀಕ್ಷಕಿ.
ಆ ಒಂದು ವಾಕ್ಯಕ್ಕೆ ನಾನು ತೆತ್ತದ್ದು
ಅರ್ಧ ತಿಂಗಳ ರಾತ್ರಿಗಳು.

ಎರಡನೆಯ ಸಲಕ್ಕೆ ಪಾಸು. ಅದರಲ್ಲಿ ಹೇಳುವಂಥದ್ದೇನಿಲ್ಲ.
ಕಾರ್ಡಿನಲ್ಲಿ ನನ್ನ ಕಣ್ಣು ಕಿರಿದಾಗಿ ಬಂದಿವೆ.
ಲೆತೆಬ್ರಹಾನ್ ಅನ್ನುವ ಹೆಸರನ್ನು
ಈ ದೇಶ ಮೊದಲ ಸಲ ತಪ್ಪಿಲ್ಲದೆ ಬರೆದಿದೆ.

ಶನಿವಾರ ಮೆಹ್ರೆತಳಿಗೆ ಮೀನಿನ ಕಾರ್ಖಾನೆಯಲ್ಲಿ ಹೆಚ್ಚುವರಿ ಪಾಳಿ.
ಅವಳ ಮಗಳು ಸೊಲ್ಯಾನಳನ್ನು ಈಜಿಗೆ ಬಿಡಬೇಕು.
ಏಳು ವರ್ಷ, ಒದ್ದೆ ಕೂದಲ ಬ್ಯಾಗು, ಅರ್ಧ ತಿಂದ ಬ್ರೆಡ್ಡು.
ಬೆಲ್ಟು ಎಳೆದು ನೋಡಿದೆ.
ಸೀಟಿಗೆ ಬಂದು ಕೂತೆ. ಇಳಿದು ಹೋಗಿ ಇನ್ನೊಮ್ಮೆ ನೋಡಿದೆ.
ಹುಡುಗಿಗೆ ರೇಗಿತು, ಹೊತ್ತಾಗುತ್ತಿತ್ತು.
"ಸರಿಯಾಗಿ ಹಾಕಿದೆಯಲ್ಲ?"

ಕಿಟಕಿಯ ಕಡೆ ಮುಖ ತಿರುಗಿಸಿ
ಸರಕ್ಕನೆ ಉಸಿರನ್ನು ಒಳಗೆಳೆದುಕೊಂಡಳು.

ಅಮ್ಮನಿಂದ ಕಲಿತದ್ದೋ, ಇಲ್ಲಿಯ ಶಾಲೆಯಲ್ಲೋ,
ಗೊತ್ತಾಗಲಿಲ್ಲ.
ಕನ್ನಡಿ ನೋಡಿದೆ.
ಮೊದಲ ಗೇರು.