ಸೀಳುಗುರು

ಹೋದ ವರುಷ ಒಂದು ಖುಕುರಿ ತರಿಸಿದ್ದೆ, ಬೇರೆಯವರಿಂದ,
ಎಂದು ಬರೆದಿದ್ದಳು ಎಸ್ಟೋನಿಯಾದ ತೀಯು.
ಅಪ್ಪಟ ಕೈಕೆಲಸ ಅಂದಿದ್ದರು.
ಬರ್ಚ್ ಕೊಂಬೆಗೆ ಮೂರನೆಯ ಏಟು:
ಹಿಡಿ ನನ್ನ ಮುಷ್ಟಿಯಲ್ಲಿ, ಅಲಗು ಹಿಮದಲ್ಲಿ.
ನೀನೂ ಅವರ ಪೈಕಿಯೇನಾ?

ಏನಂತ ಉತ್ತರಿಸಲಿ.
ಭೋಜಪುರದ ಇಳಿಜಾರಿನಲ್ಲಿ ನಮ್ಮ ಕುಲುಮೆ;
ಸಿಗ್ನಲ್ ಸಿಗುವುದು ನೀರಿನ ಟಾಕಿಯ ನೆತ್ತಿಯ ಮೇಲೆ ಮಾತ್ರ.
ಅಲ್ಲಿ ಕಾಲು ಇಳಿಬಿಟ್ಟು ಕೂತು
ಜುನು ವಿಶ್ವಕರ್ಮ ಎಂಬ ನಾನು
ಕಂಡರಿಯದ ಊರುಗಳಿಗೆ ಕತ್ತಿ ಮಾರುತ್ತೇನೆ.

ಉಕ್ಕು ಎಲ್ಲಿಯದು?
ತಿರುವಿನಲ್ಲಿ ಉರುಳಿದ ಲಾರಿಯ ಸ್ಪ್ರಿಂಗ್ ಪಟ್ಟಿ. ಡ್ರೈವರು ಬದುಕಿಕೊಂಡ.
ಹಿಡಿ? ಎಮ್ಮೆಕೊಂಬು. ಎಮ್ಮೆ ಯಾರದೋ, ಕೇಳಲಿಲ್ಲ.
ಅಂಟು? ಅರಗು.
ಒರೆಯ ಬೆನ್ನಿಗೆ ಎರಡು ಮರಿಗಳು,
ಒಂದು ಕೊಯ್ಯಲು, ಇನ್ನೊಂದು ಮಸೆಯಲು.
ಎಲ್ಲ ಸರಿ, ಕೈಯಲ್ಲೇ ಮಾಡಿದ್ದೆಂದು ಹೇಗೆ ನಂಬಲಿ?

ಮಾರನೆಯ ದಿನ ಅವಳೇ ಮೂರು ಚಿತ್ರ ಕಳಿಸಿದಳು.
ಮೂರು ಅಂಗಡಿ, ಮೂರು ಹೆಸರು, ಮೂರು ಬೆಲೆ,
ಒಂದೇ ಹೆಬ್ಬೆರಳು.
ಉಗುರು ನಟ್ಟನಡುವೆ ಸೀಳಿದೆ,
ಸೀಳಿನಲ್ಲಿ ಎಂದೂ ತೊಳೆದುಹೋಗದ ಮಸಿ.
ಈ ಕೈ ಯಾರದು, ಹೇಳು.

ಅಪ್ಪನದು. ಹರ್ಕಮಾನನದು.
ತಿದಿ ಒತ್ತುತ್ತಿದ್ದ ಆರು ವರುಷದ ನಾನು
ನಡುವೆ 'ಹಸಿವು' ಅಂದೆ;
ಸುತ್ತಿಗೆ ತಿರುಗಿ ನೋಡಿತು.
ಕಳ್ಳರು ಕತ್ತಿಯ ಚಿತ್ರ ಕದ್ದರು,
ಕೈಯನ್ನು ಕತ್ತರಿಸಿ ಎಸೆಯಲು ಮರೆತರು.

ಅಂದು ಸಂಜೆ ಫೋನು ಹಿಡಿದು ಕುಲುಮೆಗೆ ಇಳಿದೆ.
ಅಪ್ಪ ಚಹಾದ ಕೆಟಲು ಬಗ್ಗಿಸಿ
ಕೆಂಪಗೆ ಕಾದ ಬಾಯಂಚಿಗೆ ಮಾತ್ರ ನೀರು ಎರೆಯುತ್ತಿದ್ದ,
ನೂಲಿನಷ್ಟು ಸಣ್ಣಗೆ, ಹಿಂದಕ್ಕೂ ಮುಂದಕ್ಕೂ.
ಬೆನ್ನಿಗೆ ಹನಿ ತಾಗಕೂಡದು;
ಪೂರಾ ಗಟ್ಟಿಯಾದದ್ದು ಪುಟಕ್ಕನೆ ಮುರಿಯುತ್ತದೆ.
ಸುಯ್ ಎಂಬ ಸದ್ದಿನ ಸಮೇತ ಕಳಿಸಿದೆ.

ಜೊತೆಗೆ ಇನ್ನೊಂದು ಮಾತೂ ಬರೆದೆ:
ನಿನಗೆಂದು ತೆಗೆದಿಟ್ಟ ಕತ್ತಿಯಲ್ಲಿ
ಮೊನೆಯಿಂದ ಎರಡು ಬೆರಳು ಹಿಂದೆ
ಕೂದಲಿನಂಥ ಗೆರೆ ಇದೆ. ಬಿರುಕಲ್ಲ, ಬಡಿತದ ಮಡಿಕೆ.
ಬೇಡವಾದರೆ ಹೇಳು.

ಅಪ್ಪ ರೇಗಿದ.
ಚಿತ್ರದಲ್ಲಿ ಕಾಣದ್ದನ್ನು ಬಾಯಿಬಿಟ್ಟು ಹೇಳುವವರುಂಟೆ?
ಅವಳಿಗೆ ಮುಟ್ಟಿ ನೋಡಲಾಗದಲ್ಲಪ್ಪ, ಅಂದೆ.

ಅವನು ಸುಮ್ಮನಾದ.
ಆ ಮಾತು ಎಲ್ಲಿಗೆ ಹೋಗಿ ನಾಟಿತೆಂದು
ಆಮೇಲೆ ಹೊಳೆಯಿತು ನನಗೆ.
ಮೇಲುಕೇರಿಯ ಬಸ್ನೇತ್ ಯಜಮಾನರು
ದಸೈಂ ದಿನ ಅಪ್ಪನ ಖುಕುರಿಯನ್ನು ದೇವರ ಪಕ್ಕ ಇಟ್ಟು
ಕುಂಕುಮ ಹಚ್ಚುತ್ತಾರೆ, ಕೈ ಮುಗಿಯುತ್ತಾರೆ.
ಅದನ್ನು ಮಾರುವಾಗ ಅಪ್ಪ
ಅಂಗಳದ ಅಂಚಿನ ಕಲ್ಲಿನ ಮೇಲಿಟ್ಟು ಹಿಂದೆ ಸರಿಯಬೇಕು.
ದುಡ್ಡೂ ಅದೇ ಕಲ್ಲಿನ ಮೇಲೆ.
ಮುಟ್ಟದೆ ಕೊಡುವುದು, ಮುಟ್ಟದೆ ಕೊಳ್ಳುವುದು
ನಮಗೇನು ಹೊಸ ವ್ಯಾಪಾರವಲ್ಲ.

ತೀಯು ಹಣ ಕಳಿಸಿದಳು, ಪೂರ್ತಿ.
ಎಣ್ಣೆಬಟ್ಟೆ, ರಟ್ಟು, ಹಳೆಯ ಪಂಚಾಂಗದ ಹಾಳೆ ಸುತ್ತಿ
ಧರಾನ್ ಬಸ್ಸಿಗೆ ಹಾಕಿದೆ.
ನಲವತ್ತೊಂದು ದಿನ. ನಡುವೆ ಎಲ್ಲೋ ಸುಂಕದವರು
ಬಿಚ್ಚಿ ನೋಡಿ, ವಕ್ರವಾಗಿ ಮತ್ತೆ ಕಟ್ಟಿದ್ದರಂತೆ.

ಬಂದದ್ದು ಒಂದೇ ಸಾಲು:
'ಗೆರೆ ಸಿಕ್ಕಿತು, ನೀನು ಹೇಳಿದಲ್ಲೇ.'
ಕೆಳಗೆ ಒಂದು ಚಿತ್ರ. ಹಿಡಿಯ ಮೇಲೆ ಅವಳ ಕೈ,
ದಪ್ಪ ಗೆಣ್ಣು, ಚಳಿಗೆ ಒಡೆದ ಚರ್ಮ,
ಹಿಂದೆ ಅಚ್ಚುಕಟ್ಟಾಗಿ ಸೀಳಿಟ್ಟ ಬರ್ಚ್.

ಅಪ್ಪನನ್ನು ಟಾಕಿಯ ಮೇಲಕ್ಕೆ ಹತ್ತಿಸಿದೆ.
ಬಹಳ ಹೊತ್ತು ನೋಡಿದ.
ಕೊನೆಗೆ ಆ ಸೀಳುಗುರಿನ ಹೆಬ್ಬೆರಳನ್ನು
ಮೆಲ್ಲಗೆ ಅವಳ ಕೈಗೆ ತಾಗಿಸಿದ.
ಪರದೆ ಸರ್ರನೆ ಜಾರಿತು,
ಯಾರೋ ಸೌತೆಕಾಯಿ ಕೊಯ್ಯುವ ಕತ್ತಿಯ ಬೆಲೆ ಕೇಳಿದ್ದರು.
'ಎಲ್ಲಿ ಹೋಯಿತೇ ಆ ಕೈ,
ಹಿಂದಕ್ಕೆ ತಾ,' ಅಂದ.